ಬಾಡಿಗೆ ಮನೆಯ ಒಳಬಾಗಿಲು: ಒಂದು ವಿಮರ್ಶೆ

ನಮ್ಮ ಸಾಹಿತ್ಯದಲ್ಲಿ ಹೊರಬಾಗಿಲಿಗೆ ಸಂದಿರುವ ಮರ್ಯಾದೆ ಒಳಬಾಗಿಲಿಗೆ ಸಂದಿಲ್ಲ. ಹೊರಬಾಗಿಲಿಗೆ ಹೊಸ್ತಿಲುಂಟು, ಹೊಸ್ತಿಲಿಗೆ ಅರಿಸಿನ ಕುಂಕುಮವುಂಟು, ಮೇಲೆ ಮಾವಿನ ತೋರಣ, ಮುಂದೆ ರಂಗವಲ್ಲಿ. ಮದುಮಗಳು ಅಕ್ಕಿಯ ಪಾತ್ರೆಯನ್ನು ಕಾಲಿನಿಂದ ಸೋಕಿ ಒಳಗೆ ಬರುವುದು ಆ ಬಾಗಿಲಿನಿಂದ. ಮನೆಯ ಹಿರಿಯನನ್ನು ಕೊನೆಯ ಸಲ ಹೊರಕ್ಕೆ ತರುವುದೂ ಆ ಬಾಗಿಲಿನಿಂದಲೇ. 1879ರಲ್ಲಿ ಇಬ್ಸೆನ್ನನ ನೋರಾ ಗಂಡನ ಮನೆಯನ್ನು ಬಿಟ್ಟು ಹೊರಟಾಗ ಯೂರೋಪಿಗೆಲ್ಲ ಕೇಳಿಸಿದ್ದು ಕೆಳಗಿನ ಬೀದಿಬಾಗಿಲು ಮುಚ್ಚಿಕೊಂಡ ಸದ್ದು. ಮಲಗುವ ಕೋಣೆಯ ಬಾಗಿಲಿಗೆ ಇಂಥ ಕೀರ್ತಿ ಎಲ್ಲಿಯದು? ಅದಕ್ಕೆ ತೋರಣವನ್ನು ಯಾರೂ ಕಟ್ಟುವುದಿಲ್ಲ. ಒದ್ದೆಯ ಟವಲನ್ನು ನೇತುಹಾಕುತ್ತಾರೆ, ಅಷ್ಟೆ.

ಆದರೂ ಸಂಸಾರದ ನಿಜವಾದ ಚರಿತ್ರೆಯನ್ನು ಬಲ್ಲುದು ಒಳಬಾಗಿಲೇ ಎಂದರೆ ತಪ್ಪಾಗಲಾರದು. ಹೊರಬಾಗಿಲು ಮನೆಯನ್ನು ಲೋಕದಿಂದ ಬೇರ್ಪಡಿಸುತ್ತದೆ. ಒಳಬಾಗಿಲು ಮನೆಯವರನ್ನು ಮನೆಯವರಿಂದ ಬೇರ್ಪಡಿಸುತ್ತದೆ. ಕಳ್ಳ ಒಡೆಯುವುದು ಹೊರಬಾಗಿಲನ್ನು. ಒಳಬಾಗಿಲಿಗೆ ಪೆಟ್ಟು ಬಿದ್ದರೆ ಪೆಟ್ಟು ಕೊಟ್ಟವರು ಮನೆಯವರೇ: ಓಡುವ ಮಗು, ಮಂಚ ಸಾಗಿಸಿದ ಕೈ, ಬಚ್ಚಲ ನೀರು, ಇಲ್ಲವೆ ಮಾತು ಮುಗಿದ ಮೇಲೂ ಉಳಿದ ಸಿಟ್ಟು. ಮನೆ ಸ್ವಂತದ್ದಾದರೆ ಆ ಗಾಯ ಮನೆಯವರ ಪಾಲಿಗೇ ಉಳಿಯುತ್ತದೆ. ಮನೆ ಬಾಡಿಗೆಯದಾದರೆ ಅದಕ್ಕೆ ಒಬ್ಬ ಪರೀಕ್ಷಕ ಹುಟ್ಟುತ್ತಾನೆ. ದೇಹವೆಂಬುದು ಬಾಡಿಗೆ ಮನೆ ಎಂದು ನಮ್ಮ ಹರಿಕಥೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಮನೆಯ ಬಾಗಿಲು ಕೆಟ್ಟರೆ ರಿಪೇರಿ ಯಾರ ಖರ್ಚು ಎಂಬುದನ್ನು ಮಾತ್ರ ಯಾವ ದಾಸರೂ ಬಿಡಿಸಿ ಹೇಳಿದ್ದು ನನಗೆ ನೆನಪಿಲ್ಲ.

ಈ ಪುಟದಲ್ಲಿ ಪುಸ್ತಕಗಳನ್ನು ಒರೆಗೆ ಹಚ್ಚುವುದು ವಾಡಿಕೆ. ಈ ಸಲ ಒಂದು ಬಾಗಿಲನ್ನು, ಅದಕ್ಕಿಂತ ಹೆಚ್ಚಾಗಿ ಆ ಒಂದೇ ಬಾಗಿಲಿನ ಮೇಲೆ ಇಬ್ಬರು ಮಾಡಿದ ಎರಡು ದುರಸ್ತಿಗಳನ್ನು, ಒರೆಗೆ ಹಚ್ಚಬೇಕೆಂದಿದ್ದೇನೆ. ದುರಸ್ತಿಯೂ ಒಂದು ಕೃತಿಯೇ. ಅದಕ್ಕೂ ಕರ್ತೃವುಂಟು, ಶೈಲಿಯುಂಟು, ಓದುಗನುಂಟು. ಆದುದರಿಂದ ಅದರಲ್ಲಿ ಸಾಚಾ ಯಾವುದು, ಸೋಗು ಯಾವುದು ಎಂದು ಕೇಳುವ ಹಕ್ಕು ವಿಮರ್ಶೆಗೆ ಇದ್ದೇ ಇದೆ.

ಮೊದಲು ಮೂಲಕೃತಿಯನ್ನು ನೋಡೋಣ. ನಾನು ಬಾಡಿಗೆಗಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ. ಅಲ್ಲಿಯ ಕೋಣೆಗಳ ಬಾಗಿಲುಗಳು ದೂರದಿಂದ ನೋಡಿದರೆ ಹಳೆಯ ಕಾಲದ ಹಲಗೆಬಾಗಿಲುಗಳಂತೆಯೇ ಕಾಣುತ್ತವೆ: ಮೇಲೆ ಎರಡು ಚಿಕ್ಕ ಚೌಕ, ಕೆಳಗೆ ನಾಲ್ಕು ಉದ್ದನೆಯ ಚೌಕ, ಅಂಚುಗಳಲ್ಲಿ ನಯವಾದ ತಗ್ಗು. ಹತ್ತಿರ ಹೋಗಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಬೇರೆಯ ಸಂಗತಿ ತಿಳಿಯುತ್ತದೆ. ಸುತ್ತ ಮರದ ಒಂದು ಚೌಕಟ್ಟು. ಚಿಲಕ ಕೂರುವಲ್ಲಿ ಒಂದು ಮರದ ತುಂಡು. ನಡುವೆಲ್ಲ ಜೇನುಗೂಡಿನಂತೆ ಮಡಿಸಿದ ಕಾಗದ. ಎರಡು ಕಡೆಗೂ ಸುಮಾರು 3 ಮಿಲಿಮೀಟರ್ ದಪ್ಪದ, ಮರದ ನಾರನ್ನು ಒತ್ತಿ ಮಾಡಿದ ಹಾಳೆ. ಆ ಆರು ಚೌಕಗಳು ಆ ಹಾಳೆಯಲ್ಲಿ ಅಚ್ಚೊತ್ತಿದ ಚಿತ್ರಗಳು.

ಟೊಳ್ಳು ಎಂದಾಕ್ಷಣ ಕನ್ನಡಿಗರಿಗೆ ಕೈಲಾಸಂ ನೆನಪಾಗುತ್ತಾರೆ. ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಾದ ಮಗ ಒಬ್ಬ, ಮನೆಯ ಕಷ್ಟಕ್ಕೆ ಒದಗಿ ಬರುವ ಮಗ ಇನ್ನೊಬ್ಬ, ಟೊಳ್ಳು ಯಾರು, ಗಟ್ಟಿ ಯಾರು ಎಂಬುದನ್ನು ಪ್ರೇಕ್ಷಕರೇ ಅರಿತುಕೊಳ್ಳಬೇಕು. ಬಾಗಿಲುಗಳಿಗೂ ಈ ಭೇದ ಅಧಿಕೃತವಾಗಿಯೇ ಉಂಟೆಂಬುದು ಹಲವರಿಗೆ ತಿಳಿದಿರಲಾರದು. ಭಾರತೀಯ ಮಾನಕಗಳಲ್ಲಿ ಗಟ್ಟಿ ತಿರುಳಿನ ಫ್ಲಷ್ ಬಾಗಿಲಿಗೆ ಐ.ಎಸ್. 2202 ಎಂಬ ಸಂಖ್ಯೆ, ಟೊಳ್ಳು ತಿರುಳಿನದಕ್ಕೆ ಐ.ಎಸ್. 2191 ಎಂಬ ಸಂಖ್ಯೆ. ಆದರೆ ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬಾಗಿಲು ಟೊಳ್ಳಾಗಿರುವುದೇ ದೋಷವಲ್ಲ. ಒಳಕೋಣೆಯ ಬಾಗಿಲು ಕಳ್ಳನನ್ನು ತಡೆಯಬೇಕಾಗಿಲ್ಲ, ಮಳೆಯನ್ನು ಎದುರಿಸಬೇಕಾಗಿಲ್ಲ. ಕಣ್ಣಿಗೆ ಮರೆಯಾಗಿ, ಕೈಗೆ ಹಗುರವಾಗಿ, ಕೀಲಿಗೆ ಭಾರವಾಗದೆ ಇದ್ದರೆ ಸಾಕು. ಆ ಕೆಲಸಕ್ಕೆ ಟೊಳ್ಳು ತಕ್ಕುದೇ. ಕೊಳಲು ಟೊಳ್ಳೆಂದು ಅದನ್ನು ಯಾರು ಹಳಿಯುತ್ತಾರೆ?

ದೋಷವಿರುವುದು ಆ ಆರು ಚೌಕಗಳಲ್ಲಿ. ಹಳೆಯ ಹಲಗೆಬಾಗಿಲಿನಲ್ಲಿ ಚೌಕಗಳು ಅಂದಕ್ಕಾಗಿ ಹುಟ್ಟಿದುವಲ್ಲ. ಮರ ಮಳೆಗಾಲದಲ್ಲಿ ತನ್ನ ಎಳೆಗಳಿಗೆ ಅಡ್ಡಲಾಗಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಒಂದೇ ಅಗಲವಾದ ಹಲಗೆಯಿಂದ ಬಾಗಿಲು ಮಾಡಿದರೆ ಆಷಾಢದಲ್ಲಿ ಅದು ಬಾಗಿಲವಾಡದಲ್ಲಿ ಸಿಕ್ಕಿಕೊಳ್ಳುತ್ತದೆ, ಚೈತ್ರದಲ್ಲಿ ಸೀಳುತ್ತದೆ. ಆದುದರಿಂದ ಬಡಗಿ ಉದ್ದ ಅಡ್ಡ ಪಟ್ಟಿಗಳ ಚೌಕಟ್ಟನ್ನು ಕಟ್ಟಿ, ಅದರ ಗಾಡಿಯಲ್ಲಿ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಿದ್ದ. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತಿತ್ತು. ಬಾಗಿಲಿನ ಅಳತೆ ಕೆಡುತ್ತಿರಲಿಲ್ಲ. ಆ ಆಕೃತಿ ಅಗತ್ಯದಿಂದ ಹುಟ್ಟಿದ್ದು. ಕಾಗದದ ತಿರುಳಿನ ಮೇಲೆ ಅದೇ ಆಕೃತಿಯನ್ನು ಅಚ್ಚೊತ್ತುವುದು ಛಂದಸ್ಸನ್ನು ಬಿಟ್ಟು ಪ್ರಾಸವನ್ನು ಮಾತ್ರ ಇಟ್ಟುಕೊಂಡಂತೆ. ನಮ್ಮ ಮನೆಯ ಬಾಗಿಲು ಟೊಳ್ಳಾಗಿರುವುದನ್ನು ಕ್ಷಮಿಸಬಲ್ಲೆ. ಗಟ್ಟಿಯ ವೇಷ ಹಾಕಿದ್ದನ್ನು ಮೆಚ್ಚಲಾರೆ. ಮೂಲವೇ ವೇಷ ಹಾಕಿರುವಲ್ಲಿ ದುರಸ್ತಿಗೂ ವೇಷ ಹಾಕುವ ಆಸೆಯಾಗುವುದು ಸಹಜ.

ಮೊದಲನೆಯ ದುರಸ್ತಿಗೆ ಈಗ ಬರುತ್ತೇನೆ. ನಾವು ಆ ಮನೆಗೆ ಬಂದಾಗ ಮಲಗುವ ಕೋಣೆಯ ಬಾಗಿಲಿನ ಒಳಮೈಯಲ್ಲಿ, ಚಿಲಕಕ್ಕೆ ಒಂದು ಮೊಳ ದೂರದಲ್ಲಿ, ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಕ್ಯಾಲೆಂಡರೊಂದು ತೂಗುತ್ತಿತ್ತು. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಅದರ ಹಿಂದಿನಿಂದ ಬಿಳಿಯ ಗಾರೆಯ ಬಿಲ್ಲೆಯೊಂದು ನೆಲಕ್ಕೆ ಬಿದ್ದು ಒಡೆಯಿತು. ಕ್ಯಾಲೆಂಡರನ್ನು ತೆಗೆದು ನೋಡಿದರೆ ಮುಷ್ಟಿಯಷ್ಟು ಅಗಲದ ತೂತು. ಒಳಗೆ ತುರುಕಿದ್ದುದು ಮುದುರಿದ ವೃತ್ತಪತ್ರಿಕೆ. ಅದರ ಮೇಲೆ ಗೋಡೆಗೆ ಹಚ್ಚುವ ಪುಟ್ಟಿ. ಪುಟ್ಟಿಯ ಮೇಲೆ ಬಣ್ಣ. ಪತ್ರಿಕೆಗೆ ಬರೆಯುವವನಾಗಿ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಅಕ್ಷರ ಇಷ್ಟು ಭಾರ ಹೊತ್ತದ್ದು ಅಪರೂಪ. ಆದರೆ ಅದು ಹೊತ್ತದ್ದು ಹೆಚ್ಚು ಕಾಲವಲ್ಲ. ಗೋಡೆಯ ಪುಟ್ಟಿ ಬಿಳಿ ಸಿಮೆಂಟಿನ ಜಾತಿಯದು. ಕದಲದ ಗೋಡೆಗೆ ಅದು ಒಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಮುಚ್ಚಿ ತೆರೆದು ನಡುಗುವ, ಮಳೆಗೆ ಹಿಗ್ಗುವ ಹಾಳೆಯ ಮೇಲೆ ಅದು ನಿಲ್ಲುವುದಿಲ್ಲ. ಬೆನ್ನಿಗೆ ಆಸರೆಯಂತೂ ಇರಲೇ ಇಲ್ಲ.

ಆ ತೂತನ್ನು ಯಾರು ಮಾಡಿದರು? ಕೃತಿಯಿಂದ ಕರ್ತೃವಿನ ಚರಿತ್ರೆಯನ್ನು ಹೆಕ್ಕಿ ತೆಗೆಯುವ ಚಪಲ ನಮ್ಮಲ್ಲಿ ಅನೇಕರಿಗೆ ಉಂಟು. ತೂತು ಆಳಿನ ಮೊಳಕೈ ಎತ್ತರದಲ್ಲಿದೆ; ಹಾಳೆ ಒಳಮುಖವಾಗಿ ಮುರಿದಿದೆ; ಪೆಟ್ಟು ಬಿದ್ದದ್ದು ಕೋಣೆಯ ಒಳಗಿನಿಂದ. ಬಾಗಿಲನ್ನು ಹಾಕಿಕೊಂಡು, ಎದುರಿಗೆ ಯಾರೂ ಇಲ್ಲದೆ, ಬಾಗಿಲಿಗೇ ಹೊಡೆದ ಒಬ್ಬ ಮನುಷ್ಯನನ್ನು ನಾನು ಊಹಿಸಿಕೊಂಡೆ. ಹೊರಗೆ ನಿಂತು ಆ ಸದ್ದನ್ನು ಕೇಳಿದವರನ್ನೂ ಊಹಿಸಿಕೊಂಡೆ. ಆಮೇಲೆ ಬಂದ ಬಡಗಿ ಆಚಾರಿಗಳು ಅದನ್ನು ನೋಡಿ, “ಮಂಚದ ಕಾಲು ತಗುಲಿರಬೇಕು ಸ್ವಾಮಿ, ಸಾಮಾನು ಸಾಗಿಸುವಾಗ ಹೀಗೇ ಆಗೋದು” ಎಂದರು. ಎರಡು ಅರ್ಥಗಳಿಗೂ ತೂತು ಒಪ್ಪುತ್ತದೆ. ಪಠ್ಯ ಹೇಳದ್ದನ್ನು ವಿಮರ್ಶಕ ತೀರ್ಮಾನ ಮಾಡಬಾರದು. ಪಠ್ಯ ಖಚಿತವಾಗಿ ಹೇಳುವುದು ಒಂದನ್ನೇ: ಮುಚ್ಚಿದವರು ಬಾಗಿಲಿಗಾಗಿ ಮುಚ್ಚಲಿಲ್ಲ, ಒಬ್ಬ ಓದುಗನಿಗಾಗಿ ಮುಚ್ಚಿದರು. ಮನೆ ಬಿಡುವ ದಿನ ಕೋಣೆಯಿಂದ ಕೋಣೆಗೆ ಕಣ್ಣು ಹಾಯಿಸಿ ನಡೆಯುವ ಯಜಮಾನನೇ ಆ ಓದುಗ. ಅವನ ಕಣ್ಣಿಗೆ ಹತ್ತು ನಿಮಿಷ ಬಿದ್ದು ಪಾರಾದರೆ ಆ ಕೃತಿಯ ಆಯುಷ್ಯ ಸಾರ್ಥಕ. ಒಬ್ಬನೇ ಪರೀಕ್ಷಕನಿಗಾಗಿ ಬರೆದ ಕೃತಿಗಳು ಸಾಹಿತ್ಯದಲ್ಲಿಯೂ ಹೀಗೆಯೇ ಮೂರನೆಯ ಮಳೆಗಾಲಕ್ಕೆ ಉದುರುವುದನ್ನು ನೋಡಿದ್ದೇವೆ.

ಅವರನ್ನು ಹಳಿಯುವ ಮೊದಲು ಅವರ ಕಷ್ಟವನ್ನೂ ಹೇಳಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವುದು ಬೆಂಗಳೂರಿನಲ್ಲಿ ಬಹುಕಾಲದ ರೂಢಿ. ಮಧ್ಯಮ ವರ್ಗದ ಎಷ್ಟೋ ಸಂಸಾರಗಳಿಗೆ ಬ್ಯಾಂಕಿನಲ್ಲಿರುವುದಕ್ಕಿಂತ ಹೆಚ್ಚು ಹಣ ಮನೆಯ ಯಜಮಾನನ ಕೈಯಲ್ಲಿರುತ್ತದೆ. ಬಿಡುವ ದಿನ ಬಣ್ಣಕ್ಕೆಂದು ಒಂದು ತಿಂಗಳು ಮುರಿದುಕೊಳ್ಳುವುದುಂಟು. ಅದರ ಮೇಲೆ ಬಾಗಿಲಿಗೆಂದು ಎಷ್ಟು ಹೋದೀತೋ ಹೇಳಬಲ್ಲವರಾರು? ಒಂದು ತೂತಿಗೆ ಇಡೀ ಬಾಗಿಲಿನ ಬೆಲೆ ಕೇಳುವವರೂ ಇದ್ದಾರೆ. ಮನೆಯನ್ನು ಗುರುತು ಸಿಗದಂತೆ ಕೆಡಿಸಿ ಹೋದ ಬಾಡಿಗೆದಾರರನ್ನು ಕಂಡು ಬೇಸತ್ತ ಯಜಮಾನರೂ ಇದ್ದಾರೆ. ಸಂಶಯ ಎರಡು ಕಡೆಯದು; ಹಣ ಮಾತ್ರ ಒಂದು ಕಡೆಯಲ್ಲಿರುತ್ತದೆ.

ಶಾಸನ ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಬಾಡಿಗೆದಾರ ತಾನು ಸ್ವಾಧೀನಕ್ಕೆ ಪಡೆದಾಗ ಸ್ವತ್ತು ಇದ್ದ ಸ್ಥಿತಿಯಲ್ಲಿಯೇ ಅದನ್ನು ಇಟ್ಟುಕೊಂಡು ಹಿಂದಿರುಗಿಸಬೇಕು. ಸಹಜ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ವಿನಾಯಿತಿ ಉಂಟು. ಒಳ್ಳೆಯ ಮಾತು. ಆದರೆ ಪಡೆದಾಗ ಇದ್ದ ಸ್ಥಿತಿ ಯಾವುದೆಂದು ಬರೆದಿಟ್ಟವರು ಯಾರು? ಹನ್ನೊಂದು ತಿಂಗಳ ನಮ್ಮ ಕರಾರುಪತ್ರಗಳಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು ಎಂಬ ಲೆಕ್ಕವಿರುತ್ತದೆ; ಬಾಗಿಲುಗಳ ಮೈಮೇಲಿನ ಗಾಯಗಳ ಲೆಕ್ಕ ಇರುವುದಿಲ್ಲ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ರಾಜ್ಯಗಳು ತಾವಾಗಿ ಶಾಸನ ಮಾಡಿದಲ್ಲಿ ಮಾತ್ರ ಅದಕ್ಕೆ ಬಲ. ದುರಸ್ತಿಗಳ ಹಂಚಿಕೆಯ ಪಟ್ಟಿಯೂ ಅದರಲ್ಲಿದೆ. ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಯುವುದು ಯಜಮಾನನ ಪಾಲು. ಅವುಗಳ ಹಿಡಿ, ಬೀಗಗಳನ್ನು ಬದಲಾಯಿಸುವುದು ಬಾಡಿಗೆದಾರನ ಪಾಲು. ಬಣ್ಣಕ್ಕೂ ಹಿಡಿಗೂ ನಡುವೆ ಇರುವ ಬಾಗಿಲಿನ ಮೈ ಯಾರ ಪಾಲೆಂದು ಆ ಪಟ್ಟಿ ಹೆಸರಿಟ್ಟು ಹೇಳುವುದಿಲ್ಲ. ನಮ್ಮ ತೂತು ಬಿದ್ದದ್ದು ಸರಿಯಾಗಿ ಆ ಮೌನದಲ್ಲಿ.

ಎರಡನೆಯ ದುರಸ್ತಿ ಆಚಾರಿಗಳದು. ಅವರ ಕೆಲಸವನ್ನು ನಾನು ಪಕ್ಕದಲ್ಲಿ ಕುಳಿತು ಗಮನಿಸಿದೆ. ಅವರು ಮೊದಲು ಮಾಡಿದ್ದು ತೂತನ್ನು ದೊಡ್ಡದು ಮಾಡುವುದು. ಹರಿದ ಅಂಚುಗಳನ್ನೆಲ್ಲ ಕೊಯ್ದು, ಗಟ್ಟಿಯಾದ ಭಾಗ ಸಿಗುವವರೆಗೆ ಹೋಗಿ, ನೇರವಾದ ಒಂದು ಚೌಕವನ್ನು ಮಾಡಿದರು. ಹಳೆಯ ಪತ್ರಿಕೆಯನ್ನು ಈಚೆಗೆ ಎಳೆದರು. ಚೌಕಕ್ಕಿಂತ ಉದ್ದವಾದ ಎರಡು ಮರದ ಪಟ್ಟಿಗಳನ್ನು ಅಂಟು ಸವರಿ ಒಳಗೆ ತೂರಿಸಿ, ಹಾಳೆಯ ಹಿಂಬದಿಗೆ ಒತ್ತಿ ಹಿಡಿದು, ಹೊರಗಿನಿಂದ ಸಣ್ಣ ಸ್ಕ್ರೂ ಬಿಗಿದರು. ಅಂಟು ಆರುವವರೆಗೆ ಒಂದು ದಿನ ಬಿಟ್ಟರು. ಮರುದಿನ ಅದೇ ದಪ್ಪದ ಪ್ಲೈವುಡ್ ತುಂಡನ್ನು ಚೌಕಕ್ಕೆ ಸರಿಯಾಗಿ ಕೊಯ್ದು ಆ ಪಟ್ಟಿಗಳ ಮೇಲೆ ಕೂರಿಸಿದರು. ಸಂದುಗಳಿಗೆ ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಆರಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರು. ಮೇಲಿನ ಕೀಲಿನ ಸ್ಕ್ರೂಗಳು ಸಡಿಲವಾಗಿದ್ದುವು. ಅವುಗಳ ತೂತಿಗೆ ಗಟ್ಟಿಮರದ ಬೆಣೆ ಬಡಿದು ಮತ್ತೆ ಬಿಗಿದರು. ಬಾಗಿಲು ಕೆಳಗೆ ನೆಲಕ್ಕೆ ಉಜ್ಜುತ್ತಿದೆ, ಸ್ವಲ್ಪ ಕೀಸಬಹುದೇ ಎಂದು ಕೇಳಿದಾಗ, “ಮಳೆಗಾಲ ಮುಗೀಲಿ ಸ್ವಾಮಿ. ಈಗ ಕೀಸಿದರೆ ಬೇಸಗೇಲಿ ಸಂದು ಬೀಳುತ್ತೆ” ಎಂದರು. ಕೀಲು ಸರಿಯಾದ ಮೇಲೆ ಉಜ್ಜುವುದು ತಾನಾಗಿಯೇ ನಿಂತಿತು.

ಇದರಲ್ಲಿ ಕಲಿಯಬೇಕಾದದ್ದು ಬಹಳವಿದೆ. ಕೆಟ್ಟ ದುರಸ್ತಿ ಗಾಯವನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸಲು ಹೆಣಗುತ್ತದೆ. ಒಳ್ಳೆಯ ದುರಸ್ತಿ ಗಾಯ ಎಲ್ಲಿ ಮುಗಿಯುತ್ತದೆಂದು ಹುಡುಕಿಕೊಂಡು ಹೋಗುತ್ತದೆ. ಒಂದು ಮುಖದಿಂದ ಆರಂಭಿಸುತ್ತದೆ, ಇನ್ನೊಂದು ಬೆನ್ನಿನಿಂದ. ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು ಹುಳು ತಿಂದ ಓಲೆಯ ಮುಂದೆ ಕುಳಿತು ಮಾಡುವ ಕೆಲಸವೂ ಇದೇ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾದದ್ದು 1964ರಲ್ಲಿ. ಆ ಶಾಸ್ತ್ರದ ಶಿಸ್ತು ಏನು? ಅಕ್ಷರ ಬಿಟ್ಟುಹೋದಲ್ಲಿ ಛಂದಸ್ಸನ್ನೂ ಇತರ ಪ್ರತಿಗಳನ್ನೂ ಆಸರೆಯಾಗಿ ಹಿಡಿದು ತುಂಬು. ಆದರೆ ತುಂಬಿದ್ದು ನೀನೆಂಬುದನ್ನು ಓದುಗನಿಗೆ ಮುಚ್ಚಿಡಬೇಡ. ಕಂಸದಲ್ಲಿ ಹಾಕು, ಅಡಿಯಲ್ಲಿ ಪಾಠಾಂತರ ಕೊಡು. ಅದೇ 1964ರಲ್ಲಿ ವೆನಿಸ್ಸಿನಲ್ಲಿ ಸೇರಿದ ವಾಸ್ತುತಜ್ಞರು ಪ್ರಾಚೀನ ಸ್ಮಾರಕಗಳಿಗಾಗಿ ಒಂದು ಸನ್ನದನ್ನು ಮಾಡಿದರು. ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂಬುದು ಅದರ ಒಂದು ನಿಯಮ. ಓಲೆಯ ವಿದ್ವಾಂಸರೂ ಕಲ್ಲಿನ ವಿದ್ವಾಂಸರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತನ್ನು ಹೇಳಿದಂತಾಯಿತು.

ಮಲಗುವ ಕೋಣೆಯ ಬಾಗಿಲು ಹಂಪೆಯ ಕಂಬವಲ್ಲ. ಅದಕ್ಕೆ ವೆನಿಸ್ಸಿನ ನಿಯಮ ಏಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ದಿನವೂ ಕಣ್ಣಿಗೆ ಬೀಳುವ ಬಾಗಿಲಿನ ಮೇಲೆ ತೇಪೆ ಎದ್ದು ಕಾಣಬೇಕೆಂದು ನಾನು ಹೇಳುವುದಿಲ್ಲ. ಆಚಾರಿಗಳು ತೇಪೆಗಷ್ಟೆ ಬಣ್ಣ ಹಚ್ಚದೆ ಬಾಗಿಲಿನ ಆ ಇಡೀ ಮೈಗೆ ಹಚ್ಚಿಸಿದರು. ಹಳೆಯ ಬಿಳಿ ಹಳದಿಗೆ ತಿರುಗಿರುವುದರಿಂದ ಹೊಸ ಬಿಳಿ ಅದಕ್ಕೆ ಎಂದೂ ಸೇರುವುದಿಲ್ಲ. ಕಣ್ಣಿಗೆ ತೇಪೆ ಮರೆಯಾಗಲಿ. ಮಾತಿಗೆ ಮರೆಯಾಗಬಾರದು ಎಂಬುದಷ್ಟೆ ನನ್ನ ವಾದ. ಬಾಗಿಲಿಗೆ ಕಂಸ ಹಾಕಲು ಬರುವುದಿಲ್ಲ. ಆದರೆ ಯಜಮಾನನಿಗೆ ಒಂದು ಕಾಗದ ಬರೆಯಲು ಬರುತ್ತದೆ. ಗಾಯದ ಛಾಯಾಚಿತ್ರ, ಕೆಲಸದ ಛಾಯಾಚಿತ್ರ, ಆದ ಖರ್ಚು, ದಿನಾಂಕ: ಇದೇ ಬಾಡಿಗೆದಾರನ ಅಡಿಟಿಪ್ಪಣಿ.

ನಮ್ಮ ಮನೆಯಲ್ಲಿ ಇದರ ಬಗ್ಗೆ ಚರ್ಚೆಯೇ ನಡೆಯಿತು. “ನಾವು ಮಾಡದ ತೂತಿಗೆ ನಾವೇ ಹೋಗಿ ತಲೆ ಕೊಡೋದು ಯಾಕೆ? ಕ್ಯಾಲೆಂಡರ್ ಹೇಗಿದ್ದರೂ ಇದೆಯಲ್ಲ” ಎಂದು ನನ್ನ ಹೆಂಡತಿ ಹೇಳಿದ್ದು ಪೂರ್ತಿ ತಮಾಷೆಯಾಗಿರಲಿಲ್ಲ. ತೂತು ನಮಗಿಂತ ಹಿಂದಿನದೆಂದು ತೋರಿಸಲು ನಮ್ಮಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ. ಆ ಮುಂಗಡದಲ್ಲಿ ಮಗಳ ಕಾಲೇಜಿನ ಒಂದು ವರ್ಷವಿತ್ತು. ಆದರೂ ಕಾಗದ ಬರೆದೆವು. ಯಜಮಾನರು ಬಂದು ನೋಡಿದರು, ತಟ್ಟಿದರು, ಮತ್ತೊಮ್ಮೆ ನೋಡಿದರು. “ನೀವು ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲ ಸಾರ್” ಎಂದರು. ಅದು ಮೆಚ್ಚುಗೆಯೋ ಅನುಮಾನವೋ ನನಗೆ ಇನ್ನೂ ಬಗೆಹರಿದಿಲ್ಲ. ಮುಂಗಡ ಇಂದಿಗೂ ಅವರಲ್ಲಿಯೇ ಇದೆ, ನಾವು ಇಂದಿಗೂ ಆ ಮನೆಯಲ್ಲಿಯೇ ಇದ್ದೇವೆ. ಲಾಭವೋ ನಷ್ಟವೋ ಎಂಬುದು ಮನೆ ಬಿಡುವ ದಿನ ತಿಳಿಯಬೇಕು. ಸತ್ಯ ಹೇಳಿದರೆ ಹಣ ಉಳಿಯುತ್ತದೆ ಎಂಬ ನೀತಿಕಥೆಯನ್ನು ಬರೆಯುವ ಧೈರ್ಯ ನನಗಿಲ್ಲ.

ಆದರೆ ಆ ಮಾತಿನಲ್ಲಿಯೇ ನಮ್ಮ ವ್ಯವಸ್ಥೆಯ ವಿಮರ್ಶೆಯೂ ಅಡಗಿದೆ. ಹೇಳದವನು ಪಾರಾಗುತ್ತಾನೆ, ಹೇಳಿದವನು ಅನುಮಾನಕ್ಕೆ ಗುರಿಯಾಗುತ್ತಾನೆ ಎಂದಾದರೆ ಗೋಡೆಯ ಪುಟ್ಟಿಯ ಕಲೆಯೇ ಬೆಳೆಯುತ್ತದೆ. ಬಾಡಿಗೆ ಮನೆಯ ಬಾಗಿಲು ಒಂದು ಪರಂಪರೆ. ಹನ್ನೊಂದು ತಿಂಗಳ ಕರಾರುಗಳು ಎಷ್ಟೋ ಬಂದು ಹೋಗುತ್ತವೆ, ಬಾಗಿಲು ಉಳಿಯುತ್ತದೆ. ಒಬ್ಬನು ಮುಚ್ಚಿಟ್ಟದ್ದನ್ನು ಮುಂದಿನವನು ತೆರಬೇಕಾಗುತ್ತದೆ. ಮನೆ ಕೊಡುವ ದಿನ ಯಜಮಾನನೂ ಬಾಡಿಗೆದಾರನೂ ಜೊತೆಯಾಗಿ ಬಾಗಿಲು ಬಾಗಿಲಿಗೂ ನಿಂತು, ಇರುವ ಗಾಯಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಇದರಲ್ಲಿ ಮುಕ್ಕಾಲು ಪಾಲು ಪರಿಹಾರವಾಗುತ್ತದೆ. ಅದಕ್ಕೆ ಹೊಸ ಶಾಸನ ಬೇಕಾಗಿಲ್ಲ. ಅರ್ಧ ಗಂಟೆಯ ಬಿಡುವು ಬೇಕು.

ಕೊನೆಗೆ, ಎರಡು ಕೃತಿಗಳ ಬಗ್ಗೆ ತೀರ್ಪು ಹೇಳಲೇಬೇಕಲ್ಲ. ಮೊದಲನೆಯದು ನೋಡುವವನ ಕಣ್ಣಿಗಾಗಿ ಮಾಡಿದ್ದು. ಕಣ್ಣು ಅತ್ತ ತಿರುಗಿದೊಡನೆ ಅದರ ಕೆಲಸ ಮುಗಿಯಿತು. ಎರಡನೆಯದು ಬಾಗಿಲನ್ನು ನಾಳೆ ಎಳೆಯುವ ಕೈಗಾಗಿ ಮಾಡಿದ್ದು. ಆ ಬಾಗಿಲು ಇಂದಿಗೂ ಟೊಳ್ಳೇ. ಅದರ ಆರು ಚೌಕಗಳ ವೇಷವೂ ಹಾಗೆಯೇ ಇದೆ. ಆದರೆ ತೇಪೆ ಹಾಕಿದ ಆ ಒಂದು ಗೇಣು ಜಾಗವನ್ನು ತಟ್ಟಿ ನೋಡಿ. ಇಡೀ ಬಾಗಿಲಿನ ನಡುಮೈಯಲ್ಲಿ ಗಟ್ಟಿಯ ಸದ್ದು ಕೊಡುವುದು ಅಲ್ಲಿ ಮಾತ್ರ.